ಬಾಯಿ ತೆರೆದ ಚ

ಚಳಿಗಾಲ ಆಗತಾನೇ ಹೊಸ್ತಿಲು ತುಳಿದಿತ್ತು. ಮಂಗಳವಾರ, ಸಂಜೆ ನಾಲ್ಕು ಗಂಟೆ. ಬೀದಿಯ ಮರಗಳಲ್ಲಿ ಎಲೆ ಉಳಿದಿರಲಿಲ್ಲ, ಕಿಟಕಿಯ ಗಾಜಿಗೆ ಉಸಿರು ಬಿಟ್ಟರೆ ಬೆರಳಲ್ಲಿ ಬರೆಯಬಹುದಾಗಿತ್ತು. ಅಂಥ ಹೊತ್ತಿನಲ್ಲಿ ಟೀಚರಮ್ಮ ಎರಡು ಪೆಟ್ಟಿಗೆ ಮತ್ತು ಒಂದು ಕುರ್ಚಿಯ ಸಮೇತ ಬಂದಿಳಿದರು. ನೆಂಟರ ಮನೆಗೆ ಪೆಟ್ಟಿಗೆ ಹೊತ್ತು ಬರುವವರನ್ನು ಬಿಸಿ ಮಾವ ಬೇಕಾದಷ್ಟು ಕಂಡಿದ್ದ. ಕುರ್ಚಿ ಹೊತ್ತು ಬಂದವರನ್ನು ಅರವತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು ಕಂಡದ್ದು.

"ಬೇರೆಯವರ ಕುರ್ಚಿ ನನ್ನ ಸೊಂಟಕ್ಕೆ ಒಗ್ಗಲ್ಲ," ಎಂದರು ಟೀಚರಮ್ಮ, ಯಾರೂ ಕೇಳುವ ಮೊದಲೇ. "ನಲವತ್ತು ವರ್ಷ ಇದರಲ್ಲೇ ಕೂತು ಮಕ್ಕಳ ಅಕ್ಷರ ತಿದ್ದಿದ್ದೀನಿ. ರಿಟೈರ್ ಆದ ದಿನ, ಭಾಷಣ ಬೇಡ, ಕುರ್ಚಿ ಕೊಡಿ ಅಂದೆ."

ಬಿಸಿ ಮಾವ ಕುರ್ಚಿಯನ್ನು ಒಳಗಿಟ್ಟು ಮೆಲ್ಲಗೆ ಹಿಂದೆ ಸರಿದ. ಟೀಚರು ಎಂಬ ಜಾತಿಯ ಮನುಷ್ಯರಿಂದ ಅವನು ಯಾವಾಗಲೂ ಒಂದು ಮಾರು ದೂರ. ಮೂರನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಅವನ ಸ್ಲೇಟು ನೋಡಿ, "ಇದು ಅಕ್ಷರವೋ, ಕೋಳಿ ಕೆದಕಿದ್ದೋ?" ಎಂದು ಕೇಳಿದ್ದರು. ಉತ್ತರ ಹೊಳೆಯದೆ ಹುಡುಗ ಮನೆಗೆ ಹೋದವನು ಮತ್ತೆ ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಉತ್ತರ ಈಗಲೂ ಹೊಳೆದಿಲ್ಲ.

ಆ ಮನೆ ಅವನ ತಂಗಿಯದು. ತಂಗಿ ದರ್ಜಿ, ಮುಂದಿನ ಕೋಣೆಯಲ್ಲಿ ಮಿಷನ್ನು ಹಾಕಿಕೊಂಡು ಊರಿನವರಿಗೆಲ್ಲ ಕೋಟು ಹೊಲಿಯುತ್ತಾಳೆ. ಅವಳ ಮಗಳೂ ಅಳಿಯನೂ ಅದೇ ಮನೆಯಲ್ಲಿ. ಅಳಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಏನು ಹೇಳಹೊರಟರೂ "ಗೊತ್ತು ಗೊತ್ತು" ಎನ್ನುತ್ತಿದ್ದುದರಿಂದ ಮನೆಯೊಳಗೆ ಅವನಿಗೆ ಗೊತ್ತಪ್ಪ ಎಂದೇ ಹೆಸರು ಬಿದ್ದಿತ್ತು. ಆ ಹೆಸರೊಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಟೀಚರಮ್ಮ ಈ ಗೊತ್ತಪ್ಪನ ತಾಯಿ. ಮಗ ಹೆಂಡತಿಯ ಮನೆಯಲ್ಲಿ ಹೇಗಿದ್ದಾನೆ, ಅವನ ಮಾತು ನಡೆಯುತ್ತದೋ ಇಲ್ಲವೋ ನೋಡಲು ಐದು ದಿನಕ್ಕೆಂದು ಬಂದಿದ್ದರು.

ಬಿಸಿ ಮಾವ ಮೂವತ್ತೆರಡು ವರ್ಷ ಒಂದು ದೊಡ್ಡ ಲಾಂಡ್ರಿಯ ಬಾಯ್ಲರ್ ಮನೆಯಲ್ಲಿ ಬೆಂಕಿ ನೋಡಿಕೊಂಡವನು. ಆ ಹೆಸರು ಬಂದದ್ದು ಅಲ್ಲಿಂದಲೇ; ಕೋಪದಿಂದಲ್ಲ. ಅವನಿಗೆ ಕೋಪ ಬಂದದ್ದನ್ನು ನೋಡಿದವರು ಇರಲಿಲ್ಲ. ಕೆಲಸ ಬಿಟ್ಟ ಮೇಲೆ ತಂಗಿಯ ಮನೆಗೆ ಬಂದ. ಬಂದ ದಿನವೇ ತಂಗಿ ನೆಲಮಾಳಿಗೆಯ ಬೀಗದಕೈ ಅವನ ಕೈಗೆ ಹಾಕಿ, "ಅಣ್ಣ, ಮನೆ ಬೆಚ್ಚಗಿಡೋ ಫರ್ನೇಸು ಇನ್ನು ನಿನ್ನದು," ಎಂದಳು. ಅದನ್ನು ಅವನು ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡ. ಒಂಬತ್ತು ಚಳಿಗಾಲ ಅದು ಸೊಂಟ ಬಿಟ್ಟಿರಲಿಲ್ಲ. ಬೀಗದಕೈ ಅಲ್ಲಿರುವ ತನಕ ಅವನು ಆ ಮನೆಗೆ ನೆಂಟನಲ್ಲ, ಹೊರೆಯೂ ಅಲ್ಲ, ಮನೆಯವನು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವನು ಬೆಳಿಗ್ಗೆ ಎದ್ದ ಕೂಡಲೇ ಮೊದಲು ಮುಟ್ಟಿ ನೋಡಿಕೊಳ್ಳುತ್ತಿದ್ದುದು ಅದನ್ನೇ.

ಫರ್ನೇಸಿನ ಸಂಗತಿ ಅವನು ಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಒಮ್ಮೆ ಹೀಗೆ ಹೇಳಿದ್ದ: "ಅದೂ ನಮ್ಮ ಹಾಗೆ ಉಸಿರಾಡುತ್ತಮ್ಮ. ಮೇಲೆ ಕಾರಿಡಾರಿನ ನೆಲದಲ್ಲಿ ದೊಡ್ಡ ಜಾಲರಿ ಇದೆಯಲ್ಲ, ಅದು ಮೂಗು. ಅಲ್ಲಿಂದ ಗಾಳಿ ಎಳ್ಕೊಂಡು, ಬೆಂಕಿ ಪಕ್ಕ ಹಾಯಿಸಿ, ಬಿಸಿ ಮಾಡಿ ಕಿಂಡಿಗಳಿಂದ ನಿಮ್ಮ ಕೋಣೆಗಳಿಗೆ ಬಿಡುತ್ತೆ. ಮೂಗು ಕಟ್ಟಿತು ಅನ್ನು, ಬೆಂಕಿಯ ಕಾವು ಒಳಗೇ ಕೂತು ತಗಡು ಬಿರಿಯುತ್ತೆ, ಆಮೇಲೆ ಮನೆ ಹೊತ್ತಿಕೊಂಡರೂ ಆಯ್ತು. ಹಾಗಾಗಬಾರದು ಅಂತ ಲಿಮಿಟ್ ಸ್ವಿಚ್ಚು ಅಂತ ಒಂದು ಇಟ್ಟಿದ್ದಾರೆ. ಕಾವು ಹದ ಮೀರಿದ ತಕ್ಷಣ ಟಕ್ ಅಂತ ಬೆಂಕಿ ಆರಿಸುತ್ತೆ. ಹೆಬ್ಬೆಟ್ಟಿನಷ್ಟೇ ಇದೆ ನೋಡು. ಈ ಮನೇಲಿ ನಿದ್ದೆ ಮಾಡದೆ ಇರೋದು ಅದೊಂದೇ."

ಹಿಂದಿನ ವರ್ಷ ಸೊಸೆ ಆ ಜಾಲರಿಯ ಮೇಲೆ ಒದ್ದೆ ಚಪ್ಪಲಿಗಳ ಹಲಗೆ ಇಟ್ಟಿದ್ದಳು. ಅದನ್ನು ತೆಗೆಸಿ, ಬಿಸಿ ಮಾವ ಒಂದು ರಟ್ಟಿನ ಮೇಲೆ ದಪ್ಪ ಪೆನ್ಸಿಲಿನಿಂದ, ನಾಲಗೆ ಕಚ್ಚಿಕೊಂಡು, ಅರ್ಧ ಗಂಟೆ ಬರೆದ: "ಇದನ್ನು ಮುಚ್ಚಬೇಡಿ." ಜಾಲರಿಯ ಮೇಲಿನ ಗೋಡೆಗೆ ಅಂಟಿಸಿದ. ಬರೆದದ್ದೇನೋ ಸರಿಯೇ. ಆದರೆ ಅವನ ಚ-ದ ಬಾಯಿ ಮೂರನೇ ಕ್ಲಾಸಿನಿಂದಲೂ ತೆರೆದೇ ಇರುತ್ತಿತ್ತು. ಸುತ್ತಿ ತಂದ ಗೆರೆಯನ್ನು ಕೂಡಿಸುವುದಕ್ಕೆ ಮೊದಲೇ ಅವನ ಧೈರ್ಯ ಮುಗಿದುಹೋಗುತ್ತಿತ್ತು.

ಬುಧವಾರ ಬೆಳಿಗ್ಗೆ ಟೀಚರಮ್ಮ ಕುರ್ಚಿಯನ್ನು ಕಾರಿಡಾರಿನಲ್ಲಿ ಹಾಕಿಕೊಂಡರು. ಬೆಳಕು ಅಲ್ಲೇ ಚೆನ್ನಾಗಿದೆ ಎಂದರು. ಅದು ಅವರ ಕೋಣೆಯ ಬಾಗಿಲಿನ ಮುಂದೆ, ಜಾಲರಿಯ ಪಕ್ಕ. ಬಿಸಿ ಮಾವ ದೂರದಿಂದ ಇದನ್ನು ನೋಡಿ, ಅಂದಿನಿಂದ ಮುಂಬಾಗಿಲಿಗೆ ಹೋಗುವ ಕಾರಿಡಾರನ್ನೇ ಬಿಟ್ಟು, ಅಡುಗೆಮನೆಯ ಹಿಂಬಾಗಿಲಿನಿಂದ ಅಂಗಳ ಸುತ್ತಿ, ಹೊರಗಿನ ಬಾಗಿಲಿನಿಂದ ನೆಲಮಾಳಿಗೆಗೆ ಇಳಿಯತೊಡಗಿದ. ಆದ್ದರಿಂದ ಆಮೇಲೆ ಅಲ್ಲಿ ನಡೆದದ್ದು ಅವನ ಕಣ್ಣಿಗೆ ಬೀಳಲಿಲ್ಲ.

ನಡೆದದ್ದು ಇಷ್ಟು. ಟೀಚರಮ್ಮನ ಕಣ್ಣು ಗೋಡೆಯ ರಟ್ಟಿನ ಮೇಲೆ ಬಿತ್ತು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಇದನ್ನ ಬರೆದೋರು ಯಾರು?" ಎಂದು ಮಗನನ್ನು ಕೇಳಿದರು.

"ಬಿಸಿ ಮಾವ."

"ಏನಂತ ಬರೆದಿದ್ದಾರೆ?"

ಊರಿಗೆಲ್ಲ ಅಕ್ಷರ ಓದಿಸುವ ಗೊತ್ತಪ್ಪ ಒಂದು ಕ್ಷಣವೂ ತಡೆಯಲಿಲ್ಲ. "ಗೊತ್ತಲ್ಲ, ಮುಟ್ಟಬೇಡಿ ಅಂತ."

"ನನಗೂ ಹಾಗೇ ಕಾಣುತ್ತೆ. ಆದ್ರೆ ಈ ಟ ನೋಡು, ಎಡವಿ ಬಿದ್ದ ಹಾಗಿದೆ. ಗೋಡೆ ಮೇಲೆ ಇಂಥದ್ದು ಇಟ್ಕೊಂಡು ನಾನು ಇಲ್ಲಿ ಕೂರೋಕಾಗಲ್ಲ."

ಹೊಸ ಬಿಳಿ ರಟ್ಟು ಬಂತು. ನಲವತ್ತು ವರ್ಷದ ಪಳಗಿದ ಕೈ ಮುತ್ತು ಪೋಣಿಸಿದ ಹಾಗೆ ಬರೆಯಿತು: "ಇದನ್ನು ಮುಟ್ಟಬೇಡಿ." ಕೆಳಗೆ ಸ್ಕೇಲಿಟ್ಟು ಎರಡು ಗೆರೆ. ಹಳೆಯ ರಟ್ಟು ಮಡಿಸಿ ಕಿಟಕಿಯ ಸಂದಿಗೆ ಹೋಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಟೀಚರಮ್ಮ ಬೋರ್ಡಿನ ಮೇಲೆ ಬರೆದು ಸುಮ್ಮನಾಗುವ ಪೈಕಿಯಲ್ಲ, ಬರೆದದ್ದನ್ನು ಪಾಲಿಸುವ ಪೈಕಿ. ಜಾಲರಿ ನಡೆದಾಡುವ ದಾರಿಯಲ್ಲೇ ಇದೆ. ಒಬ್ಬರ ಕಾಲಾದರೂ ಮುಟ್ಟಿಯೇ ಮುಟ್ಟುತ್ತದೆ. ಅದರ ಜೊತೆಗೆ ಅಲ್ಲಿ ತಣ್ಣನೆ ಗಾಳಿ ಸುಳಿದು ಅವರ ಪಾದ ಮರಗಟ್ಟುತ್ತಿತ್ತು. ಬೀಗಿತ್ತಿಯನ್ನು, ಅಂದರೆ ದರ್ಜಿ ತಂಗಿಯನ್ನು, ಕರೆದರು. "ಇದಕ್ಕೊಂದು ಗವಸು ಹೊಲಿದುಕೊಡಿ. ಯಾರೂ ಮುಟ್ಟದ ಹಾಗೆ."

ತಂಗಿಗೆ ಬೀಗಿತ್ತಿಯ ಮಾತು ತೆಗೆದುಹಾಕುವ ಹಾಗಿಲ್ಲ. ಜಾಲರಿಗೆ ಟೇಪು ಹಿಡಿದು ಅಳತೆ ತೆಗೆದಳು. ಉಳಿದಿದ್ದ ದಪ್ಪ ಕೋಟಿನ ಬಟ್ಟೆ, ಒಳಗೆ ಸ್ಪಂಜು, ಕೆಳಗೆ ಲೈನಿಂಗು, ಅಂಚಿಗೆ ಪೈಪಿಂಗು, ನಾಲ್ಕು ಮೂಲೆಗೆ ಕಾಜ ಹೊಲಿದು ಗುಂಡಿ. ಮಧ್ಯಾಹ್ನದ ಹೊತ್ತಿಗೆ ಫರ್ನೇಸಿನ ಮೂಗಿಗೆ ಅಳತೆ ತಪ್ಪದ ಕೋಟು ತೊಡಿಸಿ ಆಯಿತು. ಟೀಚರಮ್ಮ ಅದರ ಮೇಲೆಯೇ ಕುರ್ಚಿ ಎಳೆದುಕೊಂಡು ಕೂತರು. ಪಾದ ಬೆಚ್ಚಗಾಯಿತು. ದಾಟಿ ಹೋಗುವ ಸೊಸೆಗೆ ಕುರ್ಚಿಯೂ ಅತ್ತೆಯ ಸೀರೆಯ ನೆರಿಗೆಯೂ ಕಂಡವು, ಕೆಳಗಿನ ಗವಸು ಕಾಣಲಿಲ್ಲ.

ಒಂದು ಗಂಟೆಯೊಳಗೆ ನೆಲಮಾಳಿಗೆಯಲ್ಲಿ ಮೊದಲನೆಯ ಟಕ್ ಕೇಳಿತು.

ಬಿಸಿ ಮಾವ ಪತ್ರಿಕೆಯ ಚಿತ್ರ ನೋಡುತ್ತ ಕೂತಿದ್ದವನು ತಲೆಯೆತ್ತಿದ. ಬೆಂಕಿ ಆರಿತು. ಫ್ಯಾನು ಮಾತ್ರ ಗೊರ್ರೆನ್ನುತ್ತಿತ್ತು. ಕೋಣೆಗಳ ಕಿಂಡಿಗಳಿಂದ ಬಿಸಿ ಹೋಗಿ ಬರಿಯ ತಂಗಾಳಿ ಬಂತು. ಹತ್ತು ನಿಮಿಷ ಕಳೆದು ಬೆಂಕಿ ಹೊತ್ತಿತು. ಮತ್ತೆ ಐದು ನಿಮಿಷಕ್ಕೆ ಟಕ್.

ಲಿಮಿಟ್ಟು ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಗೊತ್ತು. ಅದು ಟಕ್ ಅಂದರೆ ಎಲ್ಲೋ ಉಸಿರು ಕಟ್ಟಿದೆ. ಫಿಲ್ಟರು ತೆಗೆದು ಬೆಳಕಿಗೆ ಹಿಡಿದ, ಹೊಸದು. ಕೋಣೆಗಳ ಕಿಂಡಿಗಳೆಲ್ಲ ತೆರೆದಿದ್ದವು. ಉಳಿದದ್ದು ಕಾರಿಡಾರಿನ ಜಾಲರಿ ಒಂದೇ, ಆದರೆ ಅಲ್ಲಿ ಕುರ್ಚಿ, ಕುರ್ಚಿಯಲ್ಲಿ ಟೀಚರು. ತಂಗಿಯನ್ನು ಕೇಳಿದರಾಯಿತು ಎಂದುಕೊಂಡ. ತಂಗಿ ಮಿಷನ್ನು ತುಳಿಯುತ್ತಿದ್ದಳು, ಬಾಯಲ್ಲಿ ನಾಲ್ಕು ಗುಂಡುಸೂಜಿ. ಬಿಸಿ ಮಾವನಿಗೆ ಮೇಲಿನ ಎದುರುಹಲ್ಲು ಎರಡು ಹೋಗಿ ಚ ಹೇಳಿದರೂ ಟ ಹೇಳಿದರೂ ಅದೇ ಸಂದಿಯಿಂದ ಗಾಳಿಯಾಗಿ ಹೊರಡುತ್ತಿತ್ತು.

"ತಂಗಿ, ಜಾಲರಿ ಏನಾದ್ರೂ ಮುಚ್ಚಿದ್ದೀರಾ?"

"ಮುಟ್ಟೋದಾ? ದೇವರಾಣೆ ಯಾರೂ ಮುಟ್ಟಿಲ್ಲಣ್ಣ," ಎಂದಳು ತಂಗಿ ಸೂಜಿಗಳ ನಡುವಿನಿಂದ. "ಮುಟ್ಟದ ಹಾಗೇನೇ ಏರ್ಪಾಡು ಮಾಡಿದ್ದೀವಿ."

ಅವನು ಅದನ್ನು "ಮುಚ್ಚದ ಹಾಗೇ" ಎಂದು ಕೇಳಿಸಿಕೊಂಡ. ಒಳ್ಳೆ ತಂಗಿ, ಹೇಳುವ ಮೊದಲೇ ಮಾಡಿದ್ದಾಳೆ, ಎಂದುಕೊಂಡು ಮತ್ತೆ ಅಂಗಳ ಸುತ್ತಿ ಕೆಳಗಿಳಿದ.

ಗುರುವಾರ ಟಕ್ ಟಕ್. ಶುಕ್ರವಾರ ಟಕ್ ಟಕ್ ಟಕ್. ಮನೆ ತಣ್ಣಗಾಗುತ್ತ ಹೋಯಿತು. ಗ್ರಾಹಕರು ಅಳತೆ ಕೊಡಲು ಕೋಟು ಬಿಚ್ಚಲು ಒಪ್ಪಲಿಲ್ಲ; ತಂಗಿ ಕೋಟಿನ ಮೇಲೆಯೇ ಅಳತೆ ತೆಗೆದು ಎಲ್ಲರಿಗೂ ಎರಡಿಂಚು ದೊಡ್ಡದು ಕತ್ತರಿಸಿದಳು. ಸೊಸೆ ಪಾತ್ರೆ ತೊಳೆಯುವುದಕ್ಕೂ ಕೈಗವಸು ಹಾಕಿಕೊಂಡಳು. ಟೀಚರಮ್ಮ ಮಾತ್ರ ತಲೆಗೆ ಉಣ್ಣೆ ಟೋಪಿ ಹಾಕಿ, ಬೆಚ್ಚನೆಯ ಗವಸಿನ ಮೇಲೆ ಪಾದ ಊರಿ, ಕಾವಲು ಕಾಯುತ್ತ ಕೂತಿದ್ದರು. ರಿಪೇರಿಯವನಿಗೆ ಫೋನು ಮಾಡಿದರೆ, ಚಳಿ ಬಿದ್ದ ಮೊದಲ ವಾರ ಊರಿನ ಫರ್ನೇಸುಗಳೆಲ್ಲ ಒಟ್ಟಿಗೆ ಕೆಮ್ಮುತ್ತವೆ, ಬುಧವಾರಕ್ಕೆ ಮೊದಲು ಬರಲಾಗದು ಎಂದ.

ಶನಿವಾರ ಸಂಜೆ ಊಟಕ್ಕೆ ಕೂತಾಗ ಎಲ್ಲರ ಬಾಯಿಂದಲೂ ಹಬೆ ಬರುತ್ತಿತ್ತು, ತಟ್ಟೆಯಿಂದ ಮಾತ್ರ ಬರುತ್ತಿರಲಿಲ್ಲ.

"ನಮ್ಮ ಸ್ಕೂಲಲ್ಲಿ ಬೆಂಕೀನೇ ಇರ್ಲಿಲ್ಲ," ಎಂದರು ಟೀಚರಮ್ಮ, ಯಾರನ್ನೂ ನೋಡದೆ. "ಆದ್ರೂ ಮಕ್ಕಳ ಮೂಗು ಇಷ್ಟು ಕೆಂಪಾಗಿದ್ದು ನೋಡಿಲ್ಲ."

ಗೊತ್ತಪ್ಪನಿಗೆ ತಾಯಿಯ ಮುಂದೆ ಮನೆಯ ಯಜಮಾನನಾಗುವ ಗಳಿಗೆ ಸಿಕ್ಕಿತು. "ಅಮ್ಮ, ರೋಗ ಏನು ಅಂತ ನನಗೆ ಗೊತ್ತು. ಆ ಲಿಮಿಟ್ ಸ್ವಿಚ್ಚು ಕೆಟ್ಟಿದೆ. ಸುಮ್ ಸುಮ್ನೆ ಬೆಂಕಿ ಆರಿಸ್ತಿದೆ. ಅದರ ಎರಡು ವೈರನ್ನ ಕಿತ್ತು, ನಡುವೆ ಒಂದು ತಂತಿ ಕಟ್ಟಿಬಿಟ್ರೆ ಮುಗೀತು. ಎರಡು ನಿಮಿಷದ ಕೆಲಸ."

"ಬೇಡಪ್ಪ," ಎಂದ ಬಿಸಿ ಮಾವ.

ಅವನು ಊಟದ ನಡುವೆ ಮಾತಾಡುವುದು ಅಪರೂಪ. ಎಲ್ಲರೂ ಅವನ ಮುಖ ನೋಡಿದರು. ಆ ಮುಖದಲ್ಲಿ ಹುಬ್ಬು ಒಂದೇ, ಎಡದ್ದು ಇರಲಿಲ್ಲ. ಅದರಿಂದಾಗಿ ಅವನು ಏನು ಹೇಳಿದರೂ ಅವನಿಗೇ ಅನುಮಾನ ಇದ್ದ ಹಾಗೆ ಕಾಣುತ್ತಿತ್ತು.

"ಲಾಂಡ್ರೀಲಿ ನಮ್ಮ ಫೋರ್‌ಮನ್ನೂ ಹೀಗೇ ಅಂದಿದ್ದ," ಎಂದ. "ಬಾಯ್ಲರ್ ಸೇಫ್ಟಿ ಪದೇಪದೇ ಹಾರುತ್ತೆ, ಕೆಲಸ ನಿಲ್ಲುತ್ತೆ ಅಂತ ತಂತಿ ಬಿಗಿದ. ಎರಡು ದಿನ ಬಹಳ ಚೆನ್ನಾಗಿ ನಡೀತು. ಮೂರನೇ ದಿನ ಬಾಯ್ಲರಿನ ಬಾಗಿಲು ಯಾರನ್ನೂ ಕೇಳದೆ ಎದುರಿನ ಗೋಡೆ ತೂರಿಕೊಂಡು ಹೊರಗೆ ಹೋಯ್ತು. ಫೋರ್‌ಮನ್ನು ಚಹಾ ಕುಡಿಯೋಕೆ ಹೋಗಿದ್ದ. ನಾನಿದ್ದೆ."

"ಆಮೇಲೆ?" ಎಂದಳು ಸೊಸೆ.

"ಬಾಗಿಲು ಸಿಕ್ತು. ಹುಬ್ಬು ಸಿಗಲಿಲ್ಲ."

"ಗೊತ್ತು ಗೊತ್ತು," ಎಂದ ಗೊತ್ತಪ್ಪ. "ಅದು ಬಾಯ್ಲರು ಮಾವ, ಇದು ಫರ್ನೇಸು. ಈಗ ಕಾಲ ಬದಲಾಗಿದೆ. ನೀವು ದಿನಾ ಕೆಳಗೆ ಹೋಗಿ ಏನೇನೋ ಬಿಚ್ಚಿ ಹಾಕ್ತೀರಲ್ಲ, ಅದಕ್ಕೇ ಕೆಟ್ಟಿರೋದು ಅಂತ ನನಗನ್ನಿಸುತ್ತೆ."

ತಂಗಿ ಬೀಗಿತ್ತಿಯ ಟೋಪಿ ನೋಡಿದಳು, ಅಳಿಯನ ಮುಖ ನೋಡಿದಳು, ಕೊನೆಗೆ ತಟ್ಟೆ ನೋಡುತ್ತ ಹೇಳಿದಳು: "ಅಣ್ಣ, ಬೇಜಾರು ಮಾಡ್ಕೋಬೇಡ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಏನಾಗಿದೆ ಅಂತ ನೀನು ತೋರಿಸಿಬಿಡು. ಇಲ್ಲಾಂದ್ರೆ ಬೀಗದಕೈ ಅಳಿಯಂದಿರಿಗೆ ಕೊಡು. ಇನ್ಮೇಲೆ ಅವರೇ ನೋಡ್ಕೊಳ್ಳಲಿ. ನಿನಗೂ ವಯಸ್ಸಾಯ್ತು."

"ಆಗಲಿ," ಎಂದ ಬಿಸಿ ಮಾವ. ಅವನ ಬಲಗೈ ಊಟ ಬಿಟ್ಟಿತು. ಎಡಗೈ ಸೊಂಟದ ದಾರದ ಮೇಲೆ ಹೋಗಿ ಕೂತಿತು.

ಭಾನುವಾರ ಬೆಳಿಗ್ಗೆ ಅವನು ತಂಗಿಯ ಡಬ್ಬಿಯಿಂದ ಕೆಂಪು ರೇಷ್ಮೆ ನೂಲು ಒಂದು ಗೇಣು ಕತ್ತರಿಸಿಕೊಂಡ. ಗಾಳಿಯನ್ನು ಕಣ್ಣಿಗೆ ಕಾಣಿಸುವ ಉಪಾಯ ಅವನಿಗೆ ಗೊತ್ತಿದ್ದುದು ಅದೊಂದೇ. ಕೋಣೆ ಕೋಣೆಗೆ ಹೋಗಿ ಕಿಂಡಿಯ ಮುಂದೆ ನೂಲು ಹಿಡಿದ. ಹಾರಾಡಬೇಕಾದ ನೂಲು ಹಾಸಿಗೆ ಹಿಡಿದವರ ಕೈಯಂತೆ ಒಮ್ಮೆ ಅಲ್ಲಾಡಿ ಜೋತುಬಿತ್ತು. ಬಿಸಿ ಹಾಗಿರಲಿ, ಗಾಳಿಯೇ ಇಲ್ಲ.

ಕೆಳಗಿಳಿದ. ಮೇಲಿಂದ ಗಾಳಿ ಬರುವ ತಗಡಿನ ಕೊಳವೆ ಫರ್ನೇಸಿಗೆ ಸೇರುವ ಕಡೆ ಫಿಲ್ಟರು ಹಾಕುವ ಸಣ್ಣ ಬಾಗಿಲಿದೆ. ಅದನ್ನು ತೆರೆದು ನೂಲು ಹಿಡಿದ. ನೂಲು ಅವನ ಬೆರಳಿಂದ ಕಿತ್ತುಕೊಂಡು ಒಳಗೆ ಹೋಗುವಷ್ಟು ರಭಸದಿಂದ ಸೆಳೆಯಿತು. ಬಾಗಿಲ ಸಂದಿ ಸಿಳ್ಳೆ ಹಾಕಿತು. ಅವನು ಬಾಗಿಲನ್ನು ತೆರೆದೇ ಬಿಟ್ಟು ಸ್ಟೂಲಿನ ಮೇಲೆ ಕೂತು ಕಾದ. ಬೆಂಕಿ ಹೊತ್ತಿತು. ಐದು ನಿಮಿಷ. ಹತ್ತು. ಹದಿನೈದು. ಟಕ್ ಇಲ್ಲ. ಬಾಗಿಲು ಹಾಕಿದ. ಐದನೇ ನಿಮಿಷಕ್ಕೆ ಟಕ್.

"ನೀನು ಸರಿಯಾಗೇ ಇದ್ದೀಯ," ಎಂದು ಲಿಮಿಟ್ಟಿಗೆ ಹೇಳಿದ.

ಇಲ್ಲಿ ತೆರೆದರೆ ಉಸಿರಾಡುತ್ತದೆ, ಮುಚ್ಚಿದರೆ ಕಟ್ಟುತ್ತದೆ. ಅಂದ ಮೇಲೆ ಮೇಲಿನ ಮೂಗೇ ಕಟ್ಟಿದೆ. ಅಂದ ಮೇಲೆ ಕಾರಿಡಾರಿಗೆ ಹೋಗಲೇಬೇಕು. ಗಡಿಯಾರ ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ದಾರದಿಂದ ಬಿಚ್ಚಿ ಬೀಗ ತೆರೆದಿದ್ದ ಬೀಗದಕೈಯನ್ನು ಅವಸರದಲ್ಲಿ ನೆಲಮಾಳಿಗೆಯ ಬಾಗಿಲಲ್ಲೇ ಬಿಟ್ಟು, ನೂಲು ಹಿಡಿದುಕೊಂಡು ಮೇಲೆ ಹೋದ.

ಟೀಚರಮ್ಮ ಪುಸ್ತಕದಿಂದ ತಲೆಯೆತ್ತದೆ, "ಯಾರದು?" ಎಂದರು.

ಅರವತ್ತು ವರ್ಷದ ಹಿಂದಿನ ಹುಡುಗ ಬಾಗಿಲಲ್ಲೇ ನಿಂತುಬಿಟ್ಟ. "ನಾನು. ಸ್ವಲ್ಪ ನೂಲು ಹಿಡೀಬೇಕಿತ್ತು."

"ಎಲ್ಲಿ?"

"ನಿಮ್ಮ ಕೆಳಗೆ."

ಟೀಚರಮ್ಮ ಕನ್ನಡಕದ ಮೇಲಿಂದ ನೋಡಿದರು. "ಬೀಗರೇ, ಏನ್ ಮಾತು ಅಂತ ಆಡ್ತೀರಿ?"

"ಕುರ್ಚಿ ಕೆಳಗೆ. ಅಲ್ಲಿ ಜಾಲರಿ ಇದೆ. ಅದು... ಈ ಬಟ್ಟೆ ಯಾವುದು?"

"ಗವಸು. ನಿಮ್ಮ ತಂಗೀನೇ ಹೊಲಿದಿದ್ದು, ಬಹಳ ಅಚ್ಚುಕಟ್ಟಾಗಿದೆ. ನೀವು ಬರೆದಿದ್ರಲ್ಲ, ಅದನ್ನ ತಿದ್ದಿ ಹಾಕಿದ್ದೀನಿ ನೋಡಿ. ನಾಲ್ಕು ದಿನದಿಂದ ಒಬ್ಬರ ಕಾಲೂ ತಾಗೋಕೆ ಬಿಟ್ಟಿಲ್ಲ."

ಬಿಸಿ ಮಾವ ಗೋಡೆ ನೋಡಿದ. ಅಷ್ಟು ಚೆಂದದ ಅಕ್ಷರವನ್ನು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಬೆರಳಿಟ್ಟು ಓದಿದ. "ಇ... ದ... ನ್ನು... ಮು..." ಬೆರಳು ನಿಂತಿತು. ಅದು ಟ. ಒತ್ತೂ ಟ. ಎಷ್ಟು ಸಲ ನೋಡಿದರೂ ಟ.

ಆಗ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಅದರ ಜೊತೆಗೇ ನೆಲಮಾಳಿಗೆಯ ಮೆಟ್ಟಿಲ ಮೇಲೆ ಯಾರೋ ಇಳಿಯುವ ಸದ್ದು, ಸ್ಕ್ರೂಡ್ರೈವರು ತಗಡಿಗೆ ತಾಗಿದ ಸದ್ದು. ಗೊತ್ತಪ್ಪ ಗಡುವಿಗೆ ಸರಿಯಾಗಿ ಕೆಲಸ ಶುರುಮಾಡಿದ್ದ. ಮೇಲೆ ಮೂಗಿಗೆ ಕೋಟು. ಕೆಳಗೆ ಕಾವಲಿನವನ ಕುತ್ತಿಗೆಗೆ ತಂತಿ. ಬಿಸಿ ಮಾವನಿಗೆ ಇಲ್ಲದ ಎಡಹುಬ್ಬು ಚುರುಗುಟ್ಟಿತು.

ಅಂಗಳ ಸುತ್ತಿ ಮೆಟ್ಟಿಲಿಳಿದು ಹೋಗಲು ಅವನ ಕಾಲಿಗೆ ಮೂರು ನಿಮಿಷ ಬೇಕು. ಗೊತ್ತಪ್ಪನ ಕೆಲಸಕ್ಕೆ ಎರಡೇ ನಿಮಿಷ ಎಂದು ಅವನೇ ಹೇಳಿದ್ದ.

"ಟೀಚರಮ್ಮ, ಏಳಿ ಮೇಲೆ," ಎಂದ ಬಿಸಿ ಮಾವ.

ಆ ದನಿ ಎಲ್ಲಿಂದ ಬಂತೋ ಅವನಿಗೇ ತಿಳಿಯದು. ಟೀಚರಮ್ಮ ನಲವತ್ತು ವರ್ಷ ಬೇರೆಯವರನ್ನು ಏಳಿಸಿದವರು. ಈಗ ಕೈಕಟ್ಟಿ ನೆಟ್ಟಗೆ ಎದ್ದು ನಿಂತರು. ಅವನು ಕುರ್ಚಿಯನ್ನು ತಳ್ಳಿ, ಮಂಡಿಯೂರಿ, ಗುಂಡಿಗಳನ್ನು ಕಿತ್ತು ಗವಸು ಎಳೆದು ಎಸೆದ. ಜಾಲರಿಗೆ ಬಾಯಿ ಇಟ್ಟು, ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಆಡದಷ್ಟು ಜೋರಾಗಿ ಕೂಗಿದ:

"ಮುಟ್ಟಬೇಡ."

ತಗಡಿನ ಕೊಳವೆ ಆ ಮಾತನ್ನು ಹತ್ತರಷ್ಟು ಮಾಡಿ ಕೆಳಗೆ ಒಯ್ಯಿತು. ಗೊತ್ತಪ್ಪ ಲಿಮಿಟ್ಟಿನ ಒಂದು ವೈರು ಕಿತ್ತು, ಇನ್ನೊಂದಕ್ಕೆ ಬೆರಳು ಹಾಕಿದ್ದ. ಫರ್ನೇಸು ಮುಖಕ್ಕೆ ಮುಖ ಕೊಟ್ಟು, ಹೊಟ್ಟೆಯೊಳಗಿಂದ, "ಮುಟ್ಟಬೇಡ" ಎಂದಿತು. ಏನು ಕಂಡರೂ ಗೊತ್ತು ಎನ್ನುವವನಿಗೆ ಇದು ಗೊತ್ತಿರಲಿಲ್ಲ. ಒಂದು ಕಾಲಿನ ಚಪ್ಪಲಿ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದ, ಅಂಗಳ ಸುತ್ತಿದ, ಅಡುಗೆಮನೆ ಹಾಯ್ದ, ಕೈಯಲ್ಲಿ ತಂತಿ ಹಿಡಿದುಕೊಂಡೇ ಕಾರಿಡಾರಿಗೆ ಬಂದು ನಿಂತ.

"ಅದು ಮಾತಾಡಿತು," ಎಂದ.

"ಯಾವುದು?" ಎಂದಳು ಸೊಸೆ. ಕೂಗು ಕೇಳಿ ಅವಳೂ ತಂಗಿಯೂ ಬಂದಿದ್ದರು.

"ಫರ್ನೇಸು. ಬಿಸಿ ಮಾವನ ದನೀಲೇ."

ಸೊಸೆ ನೆಲದ ಮೇಲೆ ಮಂಡಿಯೂರಿದ್ದ ಬಿಸಿ ಮಾವನನ್ನು ನೋಡಿದಳು, ಗಂಡನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಬಿಸಿ ಮಾವ ನೂಲನ್ನು ಜಾಲರಿಯ ಮೇಲೆ ಹಿಡಿದ. ಕೆಳಗೆ ಫ್ಯಾನು ಇನ್ನೂ ತಿರುಗುತ್ತಿತ್ತು. ಕೆಂಪು ನೂಲು ಬಳುಕಿ, ಜಾಲರಿಯ ಸಂದಿಯೊಳಕ್ಕೆ ನಾಲಗೆಯಂತೆ ಹೊಕ್ಕಿತು. ಪಕ್ಕದಲ್ಲೇ ಗವಸನ್ನು ಹರಡಿ ಮುಚ್ಚಿದ, ನೂಲು ಸತ್ತುಬಿತ್ತು. ತೆಗೆದ, ಬದುಕಿತು. ಮತ್ತೊಂದು ಸಲ ಮಾಡಿ ತೋರಿಸುವ ಅಗತ್ಯ ಬೀಳಲಿಲ್ಲ.

ತಂಗಿಯ ಮುಖ ಸುಣ್ಣವಾಯಿತು. ಅವಳು ತಾನೇ ಹೊಲಿದ ಪೈಪಿಂಗು ನೋಡಿದಳು. ಅದನ್ನು ಹೊಲಿಸಿದ ಬೀಗಿತ್ತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಟೀಚರಮ್ಮ ಗೋಡೆಯ ರಟ್ಟು ನೋಡುತ್ತಿದ್ದರು. ಗೊತ್ತಪ್ಪ ತಂತಿ ನೋಡುತ್ತಿದ್ದ. ಇನ್ನು ಒಂದು ಮಾತು ತಪ್ಪಿ ಬಿದ್ದರೆ ಬೀಗರು ಬೀಗರ ನಡುವೆ ಆ ಚಳಿಗಾಲ ಮುಗಿಯುವ ಹಾಗಿರಲಿಲ್ಲ. ಅದು ಬಿಸಿ ಮಾವನಿಗೂ ತಿಳಿಯಿತು. ಅವನು ಕಿಟಕಿಯ ಸಂದಿಯಲ್ಲಿದ್ದ ತನ್ನ ಹಳೆಯ ರಟ್ಟನ್ನು ಎಳೆದು ಬಿಡಿಸಿದ.

"ತಪ್ಪು ನನ್ನದು," ಎಂದ. "ನಾನು ಬರೆದಿದ್ದು ಮುಚ್ಚಬೇಡಿ ಅಂತ. ನನಗೆ ಚ ಬರೆಯೋಕೆ ಬರಲ್ಲ. ಮೂರನೇ ಕ್ಲಾಸಿಂದಾನೂ ಬರಲ್ಲ."

ಹೇಳಿ ಮುಗಿಸಿದವನೇ ತಲೆ ತಗ್ಗಿಸಿದ. ಅರವತ್ತು ವರ್ಷ ಬಚ್ಚಿಟ್ಟದ್ದನ್ನು ಒಬ್ಬ ಟೀಚರ ಎದುರಿಗೇ ಹೇಳಿ ಆಗಿತ್ತು. ಈಗ ಕೋಳಿಯ ಮಾತು ಬರುತ್ತದೆ ಎಂದು ಕಾದ.

ಟೀಚರಮ್ಮ ಎರಡು ರಟ್ಟುಗಳನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ಲ," ಎಂದರು. "ಮಗು ತಪ್ಪು ಬರೆದರೆ ಏನು ಬರೆಯೋಕೆ ಹೊರಟಿತ್ತು ಅಂತ ಮೊದಲು ಕೇಳಬೇಕು. ಹೊಸ ಟೀಚರುಗಳಿಗೆ ಇದನ್ನೇ ಹೇಳಿಕೊಡ್ತಿದ್ದೆ. ನಾನೇ ಕೇಳಲಿಲ್ಲ." ಹಳೆಯ ರಟ್ಟಿನ ಮೇಲೆ ಬೆರಳಿಟ್ಟು, "ನಿಮ್ಮ ಚ-ದ ಬಾಯಿ ತೆರೆದಿದೆ, ಬೀಗರೇ. ಅಷ್ಟೇ ರೋಗ. ನೀವು ಮುಚ್ಚಬೇಕಾದ್ದನ್ನ ಮುಚ್ಚಲಿಲ್ಲ, ನಾವು ಮುಚ್ಚಬಾರದ್ದನ್ನ ಮುಚ್ಚಿದ್ವಿ."

ಮೊದಲು ನಕ್ಕದ್ದು ಸೊಸೆ. ಆಮೇಲೆ ತಂಗಿ, ಸೂಜಿ ಚುಚ್ಚಿಸಿಕೊಂಡವಳ ಹಾಗೆ, ನಗುವೋ ಅಳುವೋ ಗೊತ್ತಾಗದಂತೆ.

"ಹೌದೋ, ನೀನು ಊರವರ ಕಣ್ಣು ನೋಡ್ತೀಯಲ್ಲ," ಎಂದರು ಟೀಚರಮ್ಮ ಮಗನ ಕಡೆ ತಿರುಗಿ. "ನಿನ್ನ ಕಣ್ಣು ನೋಡೋರು ಯಾರು?"

"ನನಗೆ ಗೊ..." ಎಂದು ಶುರುಮಾಡಿದ ಗೊತ್ತಪ್ಪ ಅಲ್ಲಿಗೇ ನಿಲ್ಲಿಸಿದ.

ಕಿತ್ತ ವೈರನ್ನು ಬಿಸಿ ಮಾವ ಮೊದಲಿನ ಹಾಗೆ ಸೇರಿಸಿದ. ಬೆಂಕಿ ಹೊತ್ತಿತು. ಐವರೂ ಕಾರಿಡಾರಿನಲ್ಲಿ ನಿಂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ, ಕಿವಿಗೊಟ್ಟರು. ಅರ್ಧ ಗಂಟೆಯಾದರೂ ಟಕ್ ಬರಲಿಲ್ಲ. ಟೀಚರಮ್ಮ ಟೋಪಿ ತೆಗೆದರು. ಮನೆ ಬೆಚ್ಚಗಾದದ್ದಕ್ಕೆ ಎಲ್ಲರೂ ಒಪ್ಪಿದ ಸಾಕ್ಷಿ ಅದೇ.

ಬೀಗದಕೈಯ ಮಾತನ್ನು ಯಾರೂ ಎತ್ತಲಿಲ್ಲ. ಸಂಜೆ ಬಿಸಿ ಮಾವ ಸೊಂಟ ಮುಟ್ಟಿ ನೋಡಿಕೊಂಡ, ಬರಿಯ ದಾರ. ಬಾಗಿಲಲ್ಲಿ ಹೋಗಿ ನೋಡಿದ, ಅಲ್ಲೂ ಇರಲಿಲ್ಲ. ಹಾಗಾದರೆ ಅಳಿಯನ ಬಳಿ ಇದೆ. ಗಡುವು ಗಡುವೇ, ಹನ್ನೆರಡು ಹೊಡೆದ ಮೇಲಲ್ಲವೇ ತಾನು ಜಾಲರಿ ತೆರೆದದ್ದು, ಎಂದು ಮನಸ್ಸಿಗೆ ಹೇಳಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತ. ಮೆಟ್ಟಿಲ ಮೇಲೆ ಸದ್ದಾಯಿತು. ಗೊತ್ತಪ್ಪ ಉಳಿದುಹೋಗಿದ್ದ ಚಪ್ಪಲಿ ಹುಡುಕುವವನ ಹಾಗೆ ಬಂದು, ಫರ್ನೇಸಿನಿಂದ ಎರಡು ಹೆಜ್ಜೆ ದೂರವೇ ನಿಂತ.

"ಮಾವ, ಇದು ನನ್ನ ಜೇಬಲ್ಲಿ ಹೇಗೆ ಬಂತೋ ಗೊತ್ತಿಲ್ಲ," ಎಂದು ಬೀಗದಕೈ ಚಾಚಿದ.

ಗೊತ್ತಿಲ್ಲ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಬಿಸಿ ಮಾವ ಮೊದಲ ಸಲ ಕೇಳಿದ. ಬೀಗದಕೈ ತೆಗೆದುಕೊಂಡು ದಾರಕ್ಕೆ ಪೋಣಿಸಿದ. "ಆ ತಂತಿ ಇದೆಯಲ್ಲ, ಎಸೀಬೇಡ," ಎಂದ. "ಬೇಕಾಗುತ್ತೆ."

ಐದು ದಿನಕ್ಕೆಂದು ಬಂದಿದ್ದ ಟೀಚರಮ್ಮ ಇನ್ನೂ ಕೆಲವು ದಿನ ಉಳಿದರು. ಕೆಲಸ ಅರ್ಧಕ್ಕೆ ಬಿಟ್ಟು ಹೋಗುವುದು ಅಭ್ಯಾಸವಿಲ್ಲ ಎಂದರು. ಸೋಮವಾರವೂ ಮಂಗಳವಾರವೂ ಮಧ್ಯಾಹ್ನ ಕಾರಿಡಾರಿನಲ್ಲಿ, ಜಾಲರಿಯಿಂದ ಮೂರು ಹೆಜ್ಜೆ ಆಚೆಗೆ ಎಳೆದಿಟ್ಟ ಕುರ್ಚಿಯಲ್ಲಿ ಬಿಸಿ ಮಾವನನ್ನೇ ಕೂರಿಸಿ, ತಾವು ಪಕ್ಕದಲ್ಲಿ ನಿಂತರು. ಅವನು ನಾಲಗೆ ಕಚ್ಚಿಕೊಂಡು ಚ ಬರೆದ. ಮೊದಲ ಹನ್ನೆರಡು ಚ-ಗಳು ಬಾಯಿ ತೆರೆದೇ ಇದ್ದವು. ಹದಿಮೂರನೆಯದು ಅರೆಬರೆ ಕೂಡಿತು.

"ಇನ್ನೊಂಚೂರು ಧೈರ್ಯ," ಎಂದರು ಟೀಚರಮ್ಮ. "ಗೆರೆ ಎಲ್ಲಿಗೂ ಓಡಿಹೋಗಲ್ಲ."

ಮಂಗಳವಾರ ಸಂಜೆ ಹೊಸ ರಟ್ಟು ಗೋಡೆಗೆ ಬಂತು. ಬಿಸಿ ಮಾವನ ಕೈಬರಹ. ಎಲ್ಲ ಚ-ಗಳ ಬಾಯಿಯೂ ಮುಚ್ಚಿತ್ತು. ಅದನ್ನು ಮೊಳೆಗೆ ನೇತುಹಾಕಿದ್ದು ಗೊತ್ತಪ್ಪನ ತಂತಿಯಿಂದ. ಸೊಸೆ ಜೋರಾಗಿ ಓದಿದಳು, ಗಂಡನ ಕೈಲೂ ಓದಿಸಿದಳು, ಎರಡು ಸಲ.

ಬುಧವಾರ ಬೆಳಿಗ್ಗೆ ರಿಪೇರಿಯವನು ಬಂದ. ನಾಲ್ಕು ದಿನ ನೂರಾರು ಸಲ ಟಕ್ ಎಂದ ಸ್ವಿಚ್ಚು ದಣಿದಿರುತ್ತದೆ, ಬದಲಾಯಿಸಿಬಿಡು ಎಂದು ಬಿಸಿ ಮಾವನೇ ಹೇಳಿದ. ಹೊಸ ಲಿಮಿಟ್ಟು ಕೂತಿತು. ಹಳೆಯದನ್ನು ಅವನು ಒರೆಸಿ, ಲೈನಿಂಗಿನ ತುಂಡಿನಲ್ಲಿ ಸುತ್ತಿ, ಟೀಚರಮ್ಮನ ಕೈಗಿಟ್ಟ. ಕೊಡಲು ಅವನ ಬಳಿ ಬೇರೆ ಏನೂ ಇರಲಿಲ್ಲ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇಷ್ಟು ಸಣ್ಣದಾ?" ಎಂದು ಪರ್ಸಿನಲ್ಲಿ ಹಾಕಿಕೊಂಡರು.

ಹನ್ನೊಂದು ಗಂಟೆಗೆ ಟೀಚರಮ್ಮ ಹೊರಟರು. ಬುಧವಾರ. ಎರಡು ಪೆಟ್ಟಿಗೆ ತೆಗೆದುಕೊಂಡು ಹೋದರು. ಕುರ್ಚಿಯನ್ನು ಬಿಟ್ಟು ಹೋದರು.